ಹರಿಗೋಲು ಹೊತ್ತ ಮನೆಮೋಟಾರು

ಸರಕಾರ ಬದಲಾದಾಗಲೆಲ್ಲ ದೊಡ್ಡವರ ಮನೆಯಲ್ಲಿ ಖುರ್ಚಿ ಅತ್ತಿತ್ತ ಆಗುತ್ತವೆ. ನಮ್ಮಂಥವರ ಮನೆಯಲ್ಲಿ ಮಾತ್ರ ನಗಬೇಕೋ ಬೈಯಬೇಕೋ ತಿಳಿಯದಂಥ ಕೆಲಸ ಒಂದರ ಹಿಂದೆ ಒಂದು ಆಗುತ್ತಲೇ ಇರುತ್ತವೆ. ನಾನು ಮೊದಲು ಬೈದು ಆಮೇಲೆ ನಗುವವಳು. ಸಾಲಿ ಕಲಿತವಳಲ್ಲ. ಎರಡನೇ ಪುಸ್ತಕ ಅರ್ಧ ಆಗಿತ್ತು, ನಮ್ಮಪ್ಪ ಪಾಟಿ ಕಸಿದುಕೊಂಡು ಕೊರಳಿಗೆ ತಾಳಿ ಕಟ್ಟಿಸಿದ. ಆದರೆ ಕಣ್ಣು ಕಿವಿ ಎರಡೂ ನೆಟ್ಟಗಿದ್ದವು. ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಯಾರಿಗಾದರೂ ಚುಚ್ಚಿದರೆ ಅವರು ಅಂಥ ಕೆಲಸ ಮಾಡಬಾರದಿತ್ತು.

ನಮ್ಮದು ಅಂಬಿಗರ ಮನೆ. ಮಕ್ತಲ್ ದಾಟಿ ಗದ್ವಾಲಿಗೆ ಹೋಗುವವರನ್ನು ಕೃಷ್ಣಾ ಹೊಳೆ ದಾಟಿಸುವ ಕಡವು ನಮ್ಮ ಮಾವನ ಹೆಸರಲ್ಲಿತ್ತು. ನಾವು ಉಣ್ಣುತ್ತಿದ್ದದ್ದು ಅದರಿಂದಲೇ. ಹಳೇ ಸರಕಾರ ಬಿದ್ದ ಪೋಲೀಸ್ ಆಕ್ಷನ್ನಿಗೆ ಸ್ವಲ್ಪ ಮುಂಚೆ, ಯಾರೂ ಹೊಳೆ ದಾಟಬಾರದು ಅಂತ ಪೋಲೀಸು ಅಮೀನನೊಬ್ಬ ಬಂದು ನಮ್ಮ ಹರಿಗೋಲುಗಳನ್ನೆಲ್ಲ ಕೊಡಲಿಯಿಂದ ಕೊಚ್ಚಿಸಿ ಹೋದ. ಆಕ್ಷನ್ ಮುಗಿದ ಮೇಲೆ ಹೊಸ ತಹಸೀಲದಾರ ಬಂದ. ಅವನ ಹುಕುಂ ಏನಪ್ಪಾ ಅಂದರೆ, ಹುಣ್ಣಿಮೆಯ ದಿನ ನಾನು ಹೊಳೆದಂಡೆಗೆ ಬರುತ್ತೇನೆ, ಹಳೇ ಯಜಮಾನ ಬಂದು ಹರಿಗೋಲು ನೀರಿಗಿಳಿಸಿದರೆ ಕಡವು ಅವನದು, ಇಲ್ಲದಿದ್ದರೆ ಕೆಳಗಿನ ಊರಿನ ಅಂಬಿಗರದು. ಹರಿಗೋಲು ಕೊಚ್ಚಿದವರೂ ಸರಕಾರ, ಹರಿಗೋಲು ಎಲ್ಲಿ ಅಂತ ಕೇಳಿದವರೂ ಸರಕಾರ!

ಕೆಳಗಿನ ಊರಿನ ಯಜಮಾನ ಅಮೀನನಿಗೆ ಮಜ್ಜಿಗೆ ಕುಡಿಸಿ, ತನ್ನ ಹರಿಗೋಲನ್ನು ಹುಲ್ಲಿನ ಬಣವೆಯೊಳಗೆ ಮುಚ್ಚಿಟ್ಟು ಉಳಿಸಿಕೊಂಡಿದ್ದ. ಅವನ ಕಣ್ಣು ನಮ್ಮ ಕಡವಿನ ಮೇಲೆ. ಹಾಗಾಗಿ ನನ್ನ ಗಂಡನನ್ನು ಹೊಳೆದಂಡೆಯಲ್ಲೇ ಕಾವಲು ಬಿಟ್ಟು, ಅತ್ತೆ, ಮಾವ, ನಾನು ಮೂರೂ ಮಂದಿ ಅವನ ಕಣ್ಣಿಗೆ ಬೀಳದೆ ಹರಿಗೋಲು ಹೆಣೆಯಲು ನಾರಾಯಣಪೇಟೆಯ ನನ್ನ ತವರಿಗೆ ಬಂದೆವು. ಕೋಸಗಿಯಿಂದ ಬಿದಿರು ತರಿಸಿ, ದುಂಡಗೆ ಬುಟ್ಟಿಯಂತೆ ಹೆಣೆದು, ಹೊರಗೆ ಎಮ್ಮೆಯ ತೊಗಲು ಬಿಗಿದು ಎಣ್ಣೆ ಹಚ್ಚಿದೆವು. ಹತ್ತು ಹನ್ನೆರಡು ಮಂದಿ ಕೂಡುವಷ್ಟು ದೊಡ್ಡ ಹರಿಗೋಲು. ಹೊತ್ತೊಯ್ಯಲು ಬಂಡಿ ಬೇಕಲ್ಲ? ಊರಿನ ಬಂಡಿಗಳನ್ನೆಲ್ಲ ಮಿಲಿಟರಿಯವರು ಹಿಡಿದುಕೊಂಡು ಹೋಗಿದ್ದರು. ಹುಣ್ಣಿಮೆ ನಾಳೆ ಅಂದಾಗ ಬಂತು ನೋಡ್ರಿ ಮನೆಮೋಟಾರು.

೧. ಮೂಲೆ ಇಲ್ಲದ್ದನ್ನು ಕಟ್ಟುವುದು

ಮದ್ರಾಸಿನ ಕಡೆಯಿಂದ ಒಬ್ಬ ದೊಡ್ಡ ಸಾಹೇಬರು ಹೊಸ ಸರಕಾರದ ಕೆಲಸಕ್ಕೆ ಬಂದಿದ್ದರು. ಊರೂರು ತಿರುಗುವ ಕೆಲಸ. ಮುಸಾಫಿರಖಾನೆಯಲ್ಲಿ ತಿಗಣೆ ಅಂತ ಒಂದು ಮಿಲಿಟರಿ ಲಾರಿಗೆ ಹಲಗೆ ಹೊಡೆಸಿ, ಒಳಗೆ ಮಂಚ, ಒಲೆ, ಪಾತ್ರೆ ಇಡುವ ಗೂಡು, ಕಿಟಕಿಗೆ ಪರದೆ, ಮುಖ ತೊಳೆಯುವ ತೊಟ್ಟಿ ಎಲ್ಲ ಮಾಡಿಸಿಕೊಂಡಿದ್ದರು. ಹೆಂಡತಿಯೂ ಜೊತೆಗೇ, ಒಂದು ನಾಯಿಯೂ. ಜನ ಅದಕ್ಕೆ ಮನೆಮೋಟಾರು ಅಂತ ಹೆಸರಿಟ್ಟರು. ನಮ್ಮತ್ತೆ ಅದರ ಸುತ್ತ ಒಂದು ಸುತ್ತು ಬಂದು, ಇವರು ಜಗಳ ಮಾಡಿಕೊಂಡರೆ ಹೆಂಡತಿ ಎದ್ದು ತವರಿಗೆ ಹೋಗೋದು ಹ್ಯಾಂಗ, ಮನೆಯೂ ಜೊತೆಗೇ ಬರುತ್ತದಲ್ಲ ಅಂತ ಕೇಳಿದಳು.

ಸಾಹೇಬರು ಗದ್ವಾಲಿಗೆ ಹೋಗಬೇಕಿತ್ತು. ಹೊಳೆಯಲ್ಲಿ ಹರಿಗೋಲಿಲ್ಲ ಅಂತ ಗೊತ್ತಾಗಿ, ನಿಮ್ಮ ಹರಿಗೋಲನ್ನು ನನ್ನ ಮೋಟಾರಿನ ಮೇಲೆ ಹೊರಿಸಿಕೊಂಡು ಹೋಗುತ್ತೇನೆ, ನನ್ನನ್ನು ನೀವು ಹೊಳೆ ದಾಟಿಸಿರಿ ಅಂದರು. ಉಪಕಾರ ಅಂತ ಅಂದುಕೊಂಡಿರೇನು? ಅವರ ಕೆಲಸಕ್ಕೆ ಅವರು ಹೊತ್ತದ್ದು. ಆದರೂ ದಾರಿಯುದ್ದಕ್ಕೂ ಅವರು ಮುಖ ಮಾಡಿಕೊಂಡದ್ದು ನಮ್ಮನ್ನೇ ಹೆಗಲ ಮೇಲೆ ಹೊತ್ತವರ ಹಾಗೆ.

ಹರಿಗೋಲು ಕಂಡವರೇ ಸಾಹೇಬರು ಮೊದಲು ಕೇಳಿದ್ದು, ಇದಕ್ಕೆ ಮುಂದು ಯಾವುದು, ಹಿಂದು ಯಾವುದು ಅಂತ. ಮಾವ ಅಂದ, ದುಂಡಗಿದ್ದದ್ದಕ್ಕೆ ಹಿಂದು ಮುಂದು ಇರೋದಿಲ್ಲರಿ. ಸಾಹೇಬರಿಗೆ ಸಮಾಧಾನ ಆಗಲಿಲ್ಲ. ಮುಂದಿನ ಭಾಗವನ್ನು ಮುಂದಕ್ಕೇ ಇಡಬೇಕು ಅಂತ ಡ್ರೈವರನಿಗೆ ಹೇಳಿದರು. ಡ್ರೈವರ ಹೈದರಾಬಾದಿನ ಗಲ್ಲಿಯ ಮನುಷ್ಯ, ಹೊಳೆ ಕಂಡವನಲ್ಲ. ಅವನು ಹರಿಗೋಲನ್ನು ಮೂರು ಸಲ ತಿರುಗಿಸಿ, ಹೋಗ್ಲಿ ಸಾಬ್, ಈಗ ಸರಿ ಆಯ್ತು ಅಂದ.

ಮೋಟಾರಿನ ಮೇಲೆ ಬೋರಲು ಹಾಕಿದರೆ ಅದು ಎರಡೂ ಕಡೆ ಛತ್ರಿಯ ಹಾಗೆ ಹೊರಗೆ ಚಾಚಿತು. ಕಟ್ಟುವುದಕ್ಕೆ ಮೂಲೆ ಎಲ್ಲಿ? ಮಾವ ಒಳಗಿನ ಹೆಣಿಗೆಗೆ ಹಗ್ಗ ಹಾಕಬೇಕು ಅಂದ. ಸಾಹೇಬರು ಪೇಟಿಗೆ ಕಟ್ಟುವ ಹಾಗೆ ಮೇಲಿಂದ ಸುತ್ತಿಸಿದರು. ಮೋಟಾರು ಒಂದು ಸಲ ಕೆಮ್ಮಿತು, ಹಗ್ಗ ಜಾರಿತು. ಹರಿಗೋಲು ಕೆಳಗೆ ಬಿದ್ದು, ಅಂಚಿನ ಮೇಲೆ ನೆಟ್ಟಗೆ ನಿಂತು, ಗಾಲಿಯ ಹಾಗೆ ಇಳಿಜಾರಿನಲ್ಲಿ ಉರುಳುತ್ತ ಹೊರಟಿತು. ಅದರ ಹಿಂದೆ ಮಾವ, ಮಾವನ ಹಿಂದೆ ಅತ್ತೆ, ಅವಳ ಹಿಂದೆ ಸಾಹೇಬರ ನಾಯಿ. ನೇಕಾರರ ಓಣಿಯಲ್ಲಿ ಸೀರೆಯ ಹಾಸುನೂಲು ಎಳೆದು, ಬೀದಿಯುದ್ದಕ್ಕೂ ಗಂಜಿ ಹಚ್ಚಿ ಒಣಗಿಸುತ್ತಿದ್ದರು. ಹರಿಗೋಲು ಹೋಗಿ ಅದರ ನಡುವೆ ಹೊಕ್ಕು ನಿಂತಿತು, ಮೈಗೆಲ್ಲ ಕೆಂಪು ನೂಲು ಸುತ್ತಿಕೊಂಡು.

ನೇಕಾರಣ್ಣ ಬೈಯುವುದಕ್ಕೆ ಶುರು ಮಾಡಿದ. ಬೈಯಲಿ ಬಿಡ್ರಿ, ಅವನ ನೂಲು ಹಾಳಾಗಿತ್ತು. ಆದರೆ ಸಾಹೇಬರು ಬಂದು, ಇದರಲ್ಲಿ ತಪ್ಪು ಹರಿಗೋಲಿನದು, ದುಂಡಗಿರಬಾರದಿತ್ತು ಅಂತ ಅಂಬಿಗರಿಗೇ ಉಪದೇಶ ಮಾಡಿದರಲ್ಲ, ಅದು ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿ. ನೇಕಾರಣ್ಣ ನೂಲು ಬಿಡಿಸುತ್ತ ನಮ್ಮ ಮಾವನನ್ನು ಕೇಳಿದ:

"ಮೀನ ಹಿಡಿಯೋ ಮಂದಿ ನೀವು, ಹೌದ್ರಿ. ಹಾಂಗಂತ ಬಲಿ ಎಲ್ಲಿ ಕಂಡ್ರೂ ಬಂದು ಬೀಳೋದೇನು?"

೨. ತೊಗಲಿನ ಶಾಸ್ತ್ರ

ಬಿದ್ದು ಸಡಿಲಾದ ತೊಗಲನ್ನು ರಾತ್ರಿಯೆಲ್ಲ ಮತ್ತೆ ಬಿಗಿದು, ಹುಣ್ಣಿಮೆಯ ಬೆಳಿಗ್ಗೆ ಎರಡನೇ ಸಲ ಮಾವನೇ ಹಗ್ಗ ಕಟ್ಟಿದ. ಆಗ ಸಾಹೇಬರ ಹೆಂಡತಿ ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಆಕೆ ಆಡುವ ಮಾತು ನಮಗೆ ತಿಳಿಯದು, ನಮ್ಮದು ಆಕೆಗೆ ತಿಳಿಯದು. ಆದರೆ ಮೂಗು ಮುಚ್ಚಿದರೆ ಯಾರಿಗಾದರೂ ತಿಳಿಯುತ್ತದೆ. ಮಡಿ ಇರುವ ಮನೆತನ. ಒಳಗೆ ಒಲೆ, ಅನ್ನದ ಪಾತ್ರೆ. ಅದರ ನೆತ್ತಿಯ ಮೇಲೆ ಎಮ್ಮೆಯ ತೊಗಲು! ಆಕೆ ಒಲೆಯನ್ನು ಎತ್ತಿಕೊಂಡು ಕೆಳಗಿಳಿದು ಬೀದಿಯಲ್ಲೇ ಕೂತುಬಿಟ್ಟರು.

ಸಾಹೇಬರಿಗೆ ಈ ಕಡೆ ಗದ್ವಾಲು, ಆ ಕಡೆ ಹೆಂಡತಿ. ಕೊನೆಗೆ ಗುಡಿಯ ಆಚಾರ್ಯರನ್ನು ಕರೆಸಿದರು. ಆಚಾರ್ಯರು ಬಂದರು, ಮೋಟಾರಿನ ನೆತ್ತಿ ನೋಡಿದರು, ಸಾಹೇಬರ ಮುಖ ನೋಡಿದರು. ಹೊಸ ಸರಕಾರದ ಮುಖ ಅದು. ಗುಡಿಯ ಇನಾಮು ಭೂಮಿ ಉಳಿಯುತ್ತದೋ ಹೋಗುತ್ತದೋ ಅಂತ ಅವರಿಗೂ ಆಗ ಹೆದರಿಕೆ ಇತ್ತಲ್ಲ. ಕಣ್ಣು ಮುಚ್ಚಿ ಯೋಚಿಸಿ ಹೇಳಿದರು: ಎಮ್ಮೆಯ ಮೇಲೆ ಇದ್ದಾಗ ಅದು ತೊಗಲು. ಬಿದಿರಿಗೆ ಬಿಗಿದ ಮೇಲೆ ಅದು ನಾವೆ. ನಾವೆ ಅಂದರೆ ಕೃಷ್ಣೆಗೆ ಸೇರಿದ್ದು. ಕೃಷ್ಣೆಗೆ ಮೈಲಿಗೆ ಇಲ್ಲ. ಹಾಗಾಗಿ ಅಡುಗೆಗೆ ಬಾಧೆ ಇಲ್ಲ.

ಸಾಹೇಬರು ಹೆಂಡತಿಗೆ ಅದನ್ನು ತಮ್ಮ ಮಾತಿನಲ್ಲಿ ತಿಳಿಸಿದರು. ಒಲೆ ಮತ್ತೆ ಒಳಗೆ ಹೋಯಿತು. ನಮಗೂ ಸಂತೋಷವೇ. ನಮ್ಮತ್ತೆ ಸೆರಗು ಹೊದ್ದು ಮೋಟಾರು ಹತ್ತಲು ಹೋದಳು. ಆಚಾರ್ಯರು ಕೈ ಅಡ್ಡ ಹಿಡಿದರು. ಇವರು ಒಲೆಯ ಹತ್ತಿರ ಸುಳಿಯಬಾರದು, ನಡುವೆ ಪರದೆ ಕಟ್ಟಿ ಹಿಂದಿನ ಬಾಗಿಲ ಬಳಿ ಗೋಣಿತಟ್ಟಿನ ಮೇಲೆ ಕೂಡಿಸಿರಿ ಅಂದರು.

ಆ ತೊಗಲು ತೊಳೆದವರು ನಾವು, ಹೊಲಿದವರು ನಾವು, ಎಣ್ಣೆ ಹಚ್ಚಿದವರು ನಾವು. ಅಲ್ಲರೀ, ಎಮ್ಮೆ ಶುದ್ಧ ಆಗಿ ನೆತ್ತಿ ಏರಿ ಕೂತಿತು. ನಾವು ಮಾತ್ರ ಆಗಲಿಲ್ಲ.

೩. ಸಾಹೇಬರ ನಮಸ್ಕಾರ

ಇದನ್ನು ಹೇಳುವ ಮುಂಚೆ ನಮ್ಮ ಮಂದಿಯ ಒಂದು ಪದ್ಧತಿ ಹೇಳಬೇಕು. ಅಂಬಿಗರಲ್ಲಿ ಯಜಮಾನ ಸತ್ತರೆ ಊರೂರಿಗೆ ಆಳು ಕಳಿಸಿ ಬಾಯಿಂದ ಹೇಳುವುದಿಲ್ಲ. ಅವನ ಹರಿಗೋಲನ್ನು ಬೋರಲು ಹಾಕಿ, ಮೇಲೆ ಬಿಳಿ ಬಟ್ಟೆ ಹೊದಿಸಿ, ಅವನು ನೀರು ತಳ್ಳುತ್ತಿದ್ದ ಹುಟ್ಟನ್ನು ಅಡ್ಡ ಕಟ್ಟಿ, ಬಂಡಿಯ ಮೇಲೆ ಊರೂರು ತಿರುಗಿಸುತ್ತಾರೆ. ಕಂಡವರು ತಿಳಿದುಕೊಳ್ಳುತ್ತಾರೆ. ಬರೀ ಬೋರಲು ಹಾಕಿದರೆ ಏನೂ ಇಲ್ಲ, ಒಣಗಿಸುವುದಕ್ಕೂ ಹಾಗೇ ಹಾಕುತ್ತೇವೆ. ಬಿಳಿ ಬಟ್ಟೆ, ಅಡ್ಡ ಹುಟ್ಟು ಇದ್ದರೆ ಮನುಷ್ಯ ಹೋದ ಅಂತಲೇ.

ನಾರಾಯಣಪೇಟೆ ಬಿಟ್ಟ ಮೇಲೆ ಬಿಸಿಲೇರಿತು. ಶಾಸ್ತ್ರ ಒಪ್ಪಿದರೂ ಮೂಗು ಒಪ್ಪಬೇಕಲ್ಲ! ಸಾಹೇಬರ ಹೆಂಡತಿಗೆ ಒಳಗೆ ಕೂಡಲಾಗಲಿಲ್ಲ. ಮುಂದೆ ಡ್ರೈವರನ ಪಕ್ಕಕ್ಕೆ, ಗಂಡನ ಜೊತೆ ಹೋಗಿ ಕೂತರು. ಅಲ್ಲಿಗೂ ವಾಸನೆ ಬಂತು. ಮೋಟಾರು ನಿಲ್ಲಿಸಿ, ತಮ್ಮ ಹಾಸಿಗೆಯ ದೊಡ್ಡ ಬಿಳಿ ಚಾದರ ತೆಗೆದು ಹರಿಗೋಲಿಗೆ ಹೊದಿಸಿದರು. ಗಾಳಿಗೆ ಹಾರಬಾರದು ಅಂತ ಡ್ರೈವರ ಅದರ ಮೇಲೆ, ಆ ದಾರಿಯವರೆಲ್ಲ ಗುರುತಿಸುವ ಮಾವನ ಹಳೇ ಹುಟ್ಟನ್ನೇ ಅಡ್ಡ ಕಟ್ಟಿದ.

ಇದು ನಮಗೆ ಹೇಗೆ ಗೊತ್ತಾಗಬೇಕು? ನಾವು ಹಿಂದೆ ಕೂತಿದ್ದೆವು. ಕುಲುಕಿದಾಗಲೆಲ್ಲ ಬಾಗಿಲು ತೆರೆದುಕೊಳ್ಳುತ್ತದೆ ಅಂತ ಡ್ರೈವರ ಹೊರಗಿನಿಂದ ಅಗುಳಿ ಹಾಕಿದ್ದ. ಕಿಟಕಿಗೆ ಪರದೆ. ರಾತ್ರಿಯೆಲ್ಲ ತೊಗಲು ಬಿಗಿದ ಮಾವ ಗೋಣಿತಟ್ಟಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಹಳ್ಳಿ ಬಂದಾಗಲೆಲ್ಲ ಹೊರಗೆ ಹೆಂಗಸರ ಅಳು ಕೇಳಿಸಿತು. ಹೊಳಿ ದಾಟಿಸೋ ದೇವರು ಹೋದನಲ್ಲೋ ಅಂತ ಹಾಡಿಕೊಂಡು ಅಳುತ್ತಿದ್ದರು. ಅತ್ತೆ ಕಿವಿಗೊಟ್ಟು ಕೇಳಿ, ಯಾರೋ ನಮ್ಮ ಅಂಬಿಗರ ಪೈಕಿಯವರೇ ಹೋಗಿದ್ದಾರೆ, ಪಾಪ, ಯಾರ ಮನೆ ಹಾಳಾಯಿತೋ ಅಂದಳು. ಕೇಳಿಯೂ ಅಳದಿದ್ದರೆ ನಾಳೆ ನಮ್ಮ ಮನೆಗೆ ಯಾರು ಬಂದು ಅಳುತ್ತಾರೆ? ತಾನೂ ದನಿ ತೆಗೆದು ಅಳುವುದಕ್ಕೆ ಕೂತಳು. ಯಜಮಾನನ ಹೆಂಡತಿಯ ದನಿ ಮೋಟಾರಿನೊಳಗಿಂದಲೇ ಬಂದ ಮೇಲೆ ಹೊರಗಿನವರಿಗೆ ಇದ್ದ ಒಂದಿಷ್ಟು ಅನುಮಾನವೂ ಹೋಯಿತು. ಗಂಡ ಅವಳ ಕಾಲ ಬಳಿ ಗೊರಕೆ ಹೊಡೆಯುತ್ತಿದ್ದ. ಗೊರಕೆ ಜೋರಾದಾಗ ಅವಳು ಅಳು ನಿಲ್ಲಿಸಿ, ಸತ್ತವರ ಬಗ್ಗೆ ಒಂದಿಷ್ಟು ಮರ್ಯಾದಿ ಇಲ್ಲ ಅಂತ ಅವನ ಪಕ್ಕೆಗೆ ತಿವಿಯುತ್ತಿದ್ದಳು.

ಮುಂದೆ ಏನಾಗುತ್ತಿತ್ತು ಅಂತ ಡ್ರೈವರ ಆಮೇಲೆ ಹೇಳಿದ. ಗಂಡಸರು ರುಮಾಲು ತೆಗೆದು ದಾರಿಯ ಎರಡೂ ಕಡೆ ತಲೆ ತಗ್ಗಿಸಿ ನಿಂತಿದ್ದರಂತೆ. ಹೆಂಗಸರು ಎದೆ ಎದೆ ಬಡಿದುಕೊಳ್ಳುತ್ತಿದ್ದರಂತೆ. ಸಾಹೇಬರ ಕಣ್ಣಲ್ಲಿ ನೀರು. ಎಷ್ಟು ವರ್ಷ ತುಳಿಸಿಕೊಂಡ ಜನವೋ, ಹೊಸ ಸರಕಾರ ಕಂಡು ಹೇಗೆ ಅಳುತ್ತಿದ್ದಾರೆ ನೋಡು ಅಂತ ಹೆಂಡತಿಗೆ ಹೇಳಿ, ಹಳ್ಳಿ ಹಳ್ಳಿಗೂ ಮೋಟಾರು ನಿಧಾನ ಮಾಡಿಸಿ, ಎರಡೂ ಕಡೆ ಕೈ ಮುಗಿಯುತ್ತ ಬಂದರಂತೆ.

ಮಾವನ ಹೆಣದ ಮೆರವಣಿಗೆಯಲ್ಲಿ ಇಷ್ಟು ಸಂತೋಷವಾಗಿ ಕೂತವನು ಮತ್ತೊಬ್ಬನಿಲ್ಲ.

೪. ಮಕ್ತಲಿನ ಬಳೆ

ಇನ್ನು ಮುಂದಿನದು ಹೇಳಬಾರದು ಅಂತ ನಮ್ಮ ಮನೆಯಲ್ಲಿ ಬಹಳ ಮಂದಿ ಹೇಳಿದ್ದಾರೆ. ಅದಕ್ಕೇ ಹೇಳುತ್ತೇನೆ.

ಮಕ್ತಲಿನಲ್ಲಿ ಕಚೇರಿಯ ಮುಂದೆ ಮೋಟಾರು ನಿಂತಿತು. ಕೆಳಗಿನ ಊರಿನ ಯಜಮಾನನ ಅಳಿಯ ಅಲ್ಲಿ ಎಣ್ಣೆ ಕೊಳ್ಳಲು ಬಂದಿದ್ದ. ಬಿಳಿ ಚಾದರ ಕಂಡವನೇ ಎಣ್ಣೆಯ ಡಬ್ಬಿ ಅಂಗಡಿಯಲ್ಲೇ ಬಿಟ್ಟು, ಸೈಕಲ್ ಹತ್ತಿ ಹೊಳೆಯ ಕಡೆ ಹೊಡೆದುಕೊಂಡು ಹೋದ. ಅಳುವುದಕ್ಕಾದರೂ ಒಂದು ಗಳಿಗೆ ನಿಲ್ಲಬಾರದಿತ್ತೇ?

ಅಲ್ಲಿ ಕಚೇರಿಯ ಎದುರು ಒಬ್ಬಳು ಮಂಡಾಳು ಒಗ್ಗರಣೆಯ, ಅಂದರೆ ಚುರುಮುರಿ ಒಗ್ಗರಣೆಯ ಅಂಗಡಿ ಇಟ್ಟಿದ್ದಳು. ಗಂಡ ಇದ್ದಾನೋ ಇಲ್ಲವೋ ಊರಿಗೇ ಗೊತ್ತಿಲ್ಲ. ಆದರೆ ಕೈತುಂಬ ಹಸಿರು ಬಳೆ. ಕೇಳಿದರೆ ದೇವರ ಹೆಸರಿನ ಬಳೆ ಅನ್ನುತ್ತಿದ್ದಳು. ನಮ್ಮ ಮಾವನಿಗೆ ಹರಿಗೋಲಿನ ಎಣ್ಣೆ ಮಕ್ತಲಿನದೇ ಆಗಬೇಕು. ಹೋದವನು ಸಂಜೆಗೆ ಬರುತ್ತಿದ್ದ, ಬಂದವನ ಬಾಯಲ್ಲಿ ಒಗ್ಗರಣೆಯ ಬೆಳ್ಳುಳ್ಳಿ ವಾಸನೆ. ನಾನು ಸೊಸೆ, ಮೂಗಿದ್ದವಳು, ತಿಳಿದುಕೊಂಡಿದ್ದೆ. ಅತ್ತೆಗೆ ಅವತ್ತು ತಿಳಿಯಿತು.

ಆ ಒಗ್ಗರಣೆಯವಳು ಚಾದರ, ಹುಟ್ಟು ಕಂಡವಳೇ ಬಾಣಲೆ ಒಲೆಯ ಮೇಲೇ ಬಿಟ್ಟು, ತುರುಬು ಬಿಚ್ಚಿಕೊಂಡು ಓಡಿ ಬಂದು, ಮೋಟಾರಿನ ಗಾಲಿಯ ಮೇಲಿನ ತಗಡಿಗೆ ಎರಡೂ ಕೈ ಬಡಿದುಕೊಂಡಳು. ಬಳೆಗಳೆಲ್ಲ ಪುಡಿ. ನಡುಪೇಟೆಯಲ್ಲಿ, ಹಾಡು ಹಗಲಲ್ಲಿ! ಸಾಹೇಬರ ಹೆಂಡತಿ ಕರುಳಿರುವ ಹೆಂಗಸು. ಇಳಿದು ಬಂದು, ಗಂಡ ಸತ್ತವಳು, ಪಾಪ ಅಂತ ತಿಳಿದು ಅಪ್ಪಿಕೊಂಡು ತಾವೂ ಅತ್ತರು. ಅಷ್ಟರಲ್ಲಿ ಡ್ರೈವರ ಹಿಂದಿನ ಅಗುಳಿ ತೆಗೆದ. ಅತ್ತೆ ಇಳಿದಳು. ನೆತ್ತಿಯ ಮೇಲೆ ನೋಡಿದಳು, ಚಾದರ, ಹುಟ್ಟು. ಒಂದೇ ಕ್ಷಣದಲ್ಲಿ ದಾರಿಯುದ್ದದ ಅಳು ಎಲ್ಲ ಅವಳಿಗೆ ತಿಳಿಯಿತು. ಡ್ರೈವರನಿಗೆ ಬೈದು ಚಾದರ ಎಳೆಸಿದಳು. ಆಮೇಲೆ ಮುಂದೆ ಬಂದು, ಒಡೆದ ಬಳೆಗಳ ನಡುವೆ ಕೂತವಳನ್ನು ಮೆಲ್ಲಗೆ ಕೇಳಿದಳು, ಯಾರವ್ವ ಸತ್ತದ್ದು ಅಂತ. ಆಕೆ ಬಿಕ್ಕಳಿಸುತ್ತ, ನಮ್ಮ ಯಜಮಾನರು ಅಂದಳು. ಎಲ್ಲಿಯವರು ಅಂತ ಕೇಳಿದರೆ, ಹೊಳೆದಂಡೆಯ ಕಡವಿನವರು ಅಂದಳು.

ಆಗ ನಮ್ಮ ಮಾವ ಎದ್ದ. ಪರದೆ ಸರಿಸಿ, ಕಣ್ಣು ತಿಕ್ಕಿಕೊಳ್ಳುತ್ತ ತಲೆ ಹೊರಗೆ ಹಾಕಿ, ಇದೇನು ಗದ್ದಲ, ಯಾರು ಹೋದರು ಅಂತ ಕೇಳಿದ. ಬಳೆಯವಳು ಅವನನ್ನು ಕಂಡು ಅಲ್ಲೇ ಮೂರ್ಛೆ ಹೋದಳು. ಅತ್ತೆ ತಣ್ಣಗೆ ಹೇಳಿದಳು:

"ನೀವೇ ಹೋಗೀರಂತ. ಆಕಿ ಭಾಳ ಅಳಾಕ ಹತ್ಯಾಳ, ಒಂದೀಟು ಸಮಾಧಾನ ಮಾಡಿ ಬರ್ರಿ."

೫. ಯಾರ ಗಂಡ

ನನಗೆ ಉರಿದದ್ದು ಮುಂದಿನದು. ಮೂರ್ಛೆ ತಿಳಿದ ಮೇಲೆ ಸಾಹೇಬರ ಹೆಂಡತಿ ಆ ಒಗ್ಗರಣೆಯವಳನ್ನು ಕೈಹಿಡಿದು ಮೋಟಾರಿನ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಕಾಫಿ ಕೊಟ್ಟು, ಹೊಳೆಯ ತನಕ ಕರೆದುಕೊಂಡೇ ಹೊರಟರು. ಬಳೆ ಒಡೆದುಕೊಂಡವಳೇ ಹೆಂಡತಿ ಅಂತ ಅವರ ಲೆಕ್ಕ. ಕೈ ಹಿಡಿದ ಹೆಂಡತಿ ಹಿಂದೆ ಗೋಣಿತಟ್ಟಿನ ಮೇಲೆ! ಅತ್ತೆ ಗೋಡೆಗೆ ಮುಖ ಮಾಡಿ ಕೂತಳು. ಮಾವ ನೀರು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ದಾರಿಯಲ್ಲಿ ಗಾಲಿಯ ಗಾಳಿ ಹೋಯಿತು, ಅದೂ ತಡ. ಅವಳು ಅಷ್ಟು ಹೊತ್ತೂ ಹಲ್ಲು ಕಡಿಯುತ್ತಿದ್ದಳು.

ನಾವು ಹೊಳೆ ಮುಟ್ಟುವುದರೊಳಗೆ ಅಲ್ಲಿ ನಾಟಕ ನಡೆದಿತ್ತು. ಜಾಲಿಮರದ ನೆರಳಲ್ಲಿ ಹೊಸ ತಹಸೀಲದಾರ ಖುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಕೆಳಗಿನ ಊರಿನ ಯಜಮಾನ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ಪಾಪ, ಕಡವಿನ ಹಳೇ ಯಜಮಾನ ತೀರಿಕೊಂಡ, ಅವರ ಮನೆಗೆ ಸೂತಕ, ಸೂತಕದ ಕೈಯಿಂದ ಹರಿಗೋಲು ನೀರಿಗಿಳಿಸುವಂತಿಲ್ಲ, ಜನ ಎಷ್ಟು ದಿನ ಕಾಯಬೇಕು, ಬೇಕಾದರೆ ನಾನೇ ಕಷ್ಟಪಡುತ್ತೇನೆ ಅಂತ ಹೇಳಿದ್ದ. ತಹಸೀಲದಾರ ದಸ್ಕತ್ ಮಾಡಲು ಪೆನ್ನು ತೆಗೆದಿದ್ದ.

ನಮ್ಮ ಕಾವಲುಗಾರ, ಅಂದರೆ ನನ್ನ ಗಂಡ, ಏನು ಮಾಡಿದ್ದ ಗೊತ್ತೇನು? ಅಪ್ಪ ಸತ್ತ ಅಂತ ಸೈಕಲಿನವನ ಬಾಯಿಂದ ಕೇಳಿದ್ದೇ ತಡ, ತಲೆ, ಮೀಸೆ ಎರಡೂ ನುಣ್ಣಗೆ ಬೋಳಿಸಿಕೊಂಡು ಕೂತಿದ್ದ. ಹೆಣ ಬಂದ ಮೇಲೆ ಬೋಳಿಸಿಕೊಳ್ಳಬೇಕು ಅನ್ನುವಷ್ಟೂ ಬುದ್ಧಿ ಬೇಡವೇ? ಹಜಾಮ ಅವತ್ತೇ ದಂಡೆಗೆ ಬಂದಿದ್ದ, ನಾಳೆ ಸಿಗುತ್ತಾನೋ ಇಲ್ಲವೋ ಅಂದನಂತೆ. ಎಲ್ಲ ಕೆಲಸದಲ್ಲೂ ಹಿಂದೆ ಬೀಳುವ ಮನುಷ್ಯ ಅದೊಂದರಲ್ಲಿ ಮುಂದೆ ಬಿದ್ದ. ಮೋಟಾರಿನಿಂದ ಅಪ್ಪ ಇಳಿದದ್ದು ಕಂಡು ಹೌಹಾರಿ, ಹತ್ತಿರ ಬಂದು ನೆಲದ ಮೇಲೆ ಬಿದ್ದು, ದೆವ್ವದ ಪಾದ ಹಿಂದುಮುಂದಾಗಿ ಇರುತ್ತವಲ್ಲ, ಹಾಗಿವೆಯೇನು ಅಂತ ಅಪ್ಪನ ಎರಡೂ ಪಾದ ಹಿಡಿದು ನೋಡಿದ.

ಮಾವ ತಹಸೀಲದಾರನ ಮುಂದೆ ಕೈಮುಗಿದು, ನಾನೇ ಕಡವಿನ ಯಜಮಾನ, ಬದುಕಿದ್ದೇನೆ, ಹರಿಗೋಲೂ ತಂದಿದ್ದೇನೆ ಅಂದ. ಕೆಳಗಿನ ಊರಿನವನು ನಾಚಿಕೆ ಇಲ್ಲದೆ, ಇವನು ಸತ್ತವನ ತಮ್ಮ, ಮುಖ ಒಂದೇ ಥರ ಅಂದುಬಿಟ್ಟ. ನಮ್ಮ ಮಾವನಿಗೆ ತಮ್ಮನೇ ಇಲ್ಲ! ತಹಸೀಲದಾರ ಹೊಸಬ, ಯಾರ ಮುಖವೂ ಗೊತ್ತಿಲ್ಲ. ಎದುರಿಗೆ ಮಗ ಬೋಳುತಲೆ. ಸಾಹೇಬರನ್ನು ಕೇಳಿದರೆ ಅವರು, ಹರಿಗೋಲು ಇವರದು ಅಂತ ಗೊತ್ತು, ಹೆಸರು ಕುಲ ಗೊತ್ತಿಲ್ಲ, ಈತನ ಹೆಂಡತಿ ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ ಅಂದರು. ಇದ್ದ ಬೆಂಕಿಗೆ ಎಣ್ಣೆ ಹಾಕಿದ ಹಾಗಾಯಿತು.

ಮಾವ, ಆಕೆ ಅಲ್ಲರಿ, ಈಕೆ ಅಂತ ಅತ್ತೆಯನ್ನು ತೋರಿಸಿದ. ತಹಸೀಲದಾರ ಅತ್ತೆಯನ್ನು ಮುಂದೆ ಕರೆದು, ನೋಡಮ್ಮ, ನಿನ್ನ ಮಾತೇ ಕೊನೆ ಮಾತು, ಈತ ನಿನ್ನ ಗಂಡನೋ ಅಲ್ಲವೋ ಅಂತ ಕೇಳಿದ. ಅತ್ತೆ ಮಾವನನ್ನು ಕಾಲಿನಿಂದ ತಲೆಯ ತನಕ ನೋಡಿದಳು.

"ನನ್ನ ಗಂಡ ಮಕ್ತಲ್ ಪ್ಯಾಟ್ಯಾಗ ಸತ್ತಾನ್ರಿ. ಇಂವ ಯಾರೋ ನಾ ಕಾಣೆ."

ಮಾವನ ಮುಖ ತೊಗಲಿನಂತೆ ಕಪ್ಪಾಯಿತು. ಕೆಳಗಿನ ಊರಿನವನು ಇನ್ನೊಂದು ಸಲ ಕಣ್ಣೊರೆಸಿಕೊಂಡು, ಹೇಳಿದೆನಲ್ಲರಿ ಅಂದ. ನಾನು ಅತ್ತೆಯ ತೋಳು ಚಿವುಟಿ, ಕಡವು ಹೋದರೆ ನಾಳೆ ಏನು ತಿನ್ನೋಣ ಅಂತ ಕಿವಿಯಲ್ಲಿ ಕೇಳಿದೆ. ಮಂಡಾಳು ತಿನ್ನು ಅಂದಳು. ಮಾವ ಎಲ್ಲರ ಎದುರಿಗೇ ಅವಳ ಕಾಲ ಬಳಿ ಕೂತ. ಅವಳು ಹೊಳೆಯನ್ನು ನೋಡುತ್ತ ನಿಂತಳು. ತಹಸೀಲದಾರ ಪೆನ್ನನ್ನು ಮಸಿಯಲ್ಲಿ ಅದ್ದಿದ.

ಆಗ ಮೋಟಾರಿನ ಮುಂದಿನ ಬಾಗಿಲು ತೆರೆಯಿತು. ಒಗ್ಗರಣೆಯವಳು ಬರೀ ಕೈಯಲ್ಲಿ ಇಳಿದು ಬಂದಳು. ತಹಸೀಲದಾರನ ಮುಂದೆ ನಿಂತು, ಆಕೆ ಹೇಳದಿದ್ದರೆ ನಾನು ಹೇಳುತ್ತೇನೆ, ಈತ ಅವರೇ, ನನಗೆ ಗುರುತು ಗೊತ್ತು ಅಂದಳು. ತಹಸೀಲದಾರ ಏನು ಗುರುತು ಅಂದ. ಆಕೆ ಸೆರಗು ಸರಿಮಾಡಿಕೊಂಡು ಶುರು ಮಾಡಿದಳು:

"ಎಡಗಡಿ ತೊಡಿ ಮ್ಯಾಲ, ಒಂದು ಕೆಂಪನೆಯ..."

ಮುಗಿಸಲು ಬಿಟ್ಟರೆ ತಾನೇ! ನಮ್ಮತ್ತೆ ಮಾವನನ್ನು ದಾಟಿಕೊಂಡು ಒಂದೇ ನೆಗೆತಕ್ಕೆ ಆಕೆಯ ಮುಂದೆ ಬಂದು ನಿಂತು, ತಹಸೀಲದಾರನ ಕಡೆ ಬೆರಳು ಮಾಡಿ ಹೇಳಿದಳು:

"ಬರಕೊಳ್ರಿ ಸಾಹೇಬ್ರ. ಇಂವ ನನ್ನ ಗಂಡ, ಬದುಕ್ಯಾನ. ಸತ್ತಾಂವ ಆಕಿ ಗಂಡ, ಬಳಿ ಒಡಕೊಂಡಾಳ ನೋಡ್ರಿ."

ತಹಸೀಲದಾರ ಪೆನ್ನು ಎತ್ತಿ ಹಿಡಿದು ಇಬ್ಬರನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಬಗ್ಗಿ, ಕಡವನ್ನು ಬದುಕಿದ್ದವನ ಹೆಸರಿಗೇ ಬರೆದ.